ಪದರಗಳ ನಡುವಿನ ಕಾಲ: ಕಲಾದಗಿ–ಬಾದಾಮಿ ಶಿಲೆಗಳ ಚರಿತ್ರೆ

ಕರ್ನಾಟಕದ ನೆಲದ ಬಹುಭಾಗವು ಗ್ರಾನೈಟ್, ನೈಸ್, ಶಿಸ್ಟ್ ಮೊದಲಾದ ಹರಳುಗಟ್ಟಿದ ಪ್ರಾಚೀನ ಶಿಲೆಗಳಿಂದ ಕೂಡಿದ್ದು, ಉತ್ತರದ ಜಿಲ್ಲೆಗಳಲ್ಲಿ ಅವುಗಳನ್ನು ಲಾವಾ ಹೆಪ್ಪುಗಟ್ಟಿ ಉಂಟಾದ ಕಪ್ಪು ಬಸಾಲ್ಟ್ ಮುಚ್ಚಿದೆ. ಇವೆರಡಕ್ಕೂ ಸೇರದ ಮೂರನೆಯ ಬಗೆಯ ಶಿಲೆಗಳು, ಅಂದರೆ ನೀರು ಹೊತ್ತು ತಂದ ಮರಳು, ಮಣ್ಣು, ಸುಣ್ಣಗಳು ಪದರ ಪದರವಾಗಿ ಕುಳಿತು ಕಲ್ಲಾದ ಜಲಜ ಶಿಲೆಗಳು, ಈ ರಾಜ್ಯದಲ್ಲಿ ಹೆಚ್ಚಾಗಿ ಎರಡು ಕಡೆ ಮಾತ್ರ ವಿಶಾಲವಾಗಿ ಹರಡಿವೆ. ಒಂದು, ಶಹಾಬಾದಿನ ಹಾಸುಗಲ್ಲಿನಿಂದ ಮನೆಮಾತಾದ ಭೀಮಾ ತಟದ ಪ್ರದೇಶ. ಇನ್ನೊಂದು, ಮಲಪ್ರಭಾ ಮತ್ತು ಘಟಪ್ರಭಾ ನದಿಗಳು ಹರಿಯುವ ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಸುಮಾರು 8,000 ಚದರ ಕಿಲೋಮೀಟರುಗಳಷ್ಟು ವಿಸ್ತಾರವಾಗಿರುವ ಕಲಾದಗಿ ಜಲಾನಯನ. ಜಲಾನಯನ ಎಂಬ ಪದ ಇಲ್ಲಿ ಇಂದಿನ ನದಿಯ ಪಾತ್ರವನ್ನಲ್ಲ, ನೆಲ ಮೆಲ್ಲನೆ ಕುಸಿಯುತ್ತ ಹೋದಂತೆ ಹೂಳನ್ನು ತುಂಬಿಕೊಳ್ಳುತ್ತ ಬಂದ ಪುರಾತನ ತಗ್ಗನ್ನು ಸೂಚಿಸುತ್ತದೆ.

ಈ ತಗ್ಗಿನಲ್ಲಿ ಕುಳಿತ ಪದರಗಳ ಚರಿತ್ರೆಯನ್ನು ಎರಡು ಬಗೆಯ ಸಾಕ್ಷ್ಯಗಳಿಂದ ಕಟ್ಟಬೇಕಾಗುತ್ತದೆ. ಪದರವು ತಾನು ಕುಳಿತ ಸನ್ನಿವೇಶವನ್ನು, ಎಂದರೆ ಅದು ಹೊಳೆಯ ಮರಳೋ ಕಡಲಿನ ಕೆಸರೋ ಎಂಬುದನ್ನು ತಿಳಿಸುತ್ತದೆ. ಪದರ ಪದರಗಳ ನಡುವಿನ ಸಂಧಿಯಾದರೋ ಏನೂ ಕುಳಿತುಕೊಳ್ಳದ, ಅಥವಾ ಕುಳಿತದ್ದೂ ಕೊಚ್ಚಿಹೋದ ಕಾಲವನ್ನು ತಿಳಿಸುತ್ತದೆ. ಕಲಾದಗಿ ಸೀಮೆಯ ವಿಶೇಷವೆಂದರೆ ಇಲ್ಲಿ ಕಾಲದ ದೊಡ್ಡ ಪಾಲು ಕಲ್ಲಿನಲ್ಲಿಲ್ಲ, ಕೆಲವೇ ಸಂಧಿಗಳಲ್ಲಿ ಅಡಗಿದೆ.

ಮೊದಲ ಸಂಧಿ

ಕಲಾದಗಿ ಪದರಗಳ ಅಡಿಯಲ್ಲಿರುವ ನೈಸ್, ಗ್ರಾನೈಟ್ ಮತ್ತು ಶಿಸ್ಟ್‌ಗಳು ಸುಮಾರು 250 ಕೋಟಿ ವರ್ಷಗಳಷ್ಟು, ಕೆಲವೆಡೆ ಅದಕ್ಕಿಂತಲೂ ಹಳೆಯವು. ಗ್ರಾನೈಟ್ ರೂಪುಗೊಳ್ಳುವುದು ಭೂಮಿಯ ಮೇಲ್ಮೈಯಲ್ಲಲ್ಲ. ಹಲವು ಕಿಲೋಮೀಟರ್ ಆಳದಲ್ಲಿ ಶಿಲಾಪಾಕವು ನಿಧಾನವಾಗಿ ತಣಿದಾಗಲೇ ಅದರಲ್ಲಿ ಕಣ್ಣಿಗೆ ಕಾಣುವ ಹರಳುಗಳು ಬೆಳೆಯುತ್ತವೆ. ಅಂಥ ಶಿಲೆಯ ಮೇಲೆಯೇ ನೇರವಾಗಿ ಮರಳಿನ ಪದರ ಬಂದು ಕುಳಿತಿದೆ ಎಂದರೆ, ಮರಳು ಬೀಳುವುದಕ್ಕೆ ಮುಂಚೆ ಗ್ರಾನೈಟಿನ ಮೇಲಿದ್ದ ಅಷ್ಟೂ ಶಿಲೆ ಸವೆದು ಹೋಗಿ, ಆಳದಲ್ಲಿದ್ದದ್ದು ಬಯಲಿಗೆ ಬಂದಿತ್ತೆಂದೇ ಅರ್ಥ. ಹೀಗೆ ಕಲಾದಗಿ ಚರಿತ್ರೆಯ ಮೊದಲ ಅಧ್ಯಾಯವು ಸಂಚಯದಿಂದಲ್ಲ, ಹತ್ತಾರು ಕೋಟಿ ವರ್ಷಗಳ ಸವೆತದಿಂದ ತೊಡಗುತ್ತದೆ.

ಸವೆತಕ್ಕೆ ಮೊದಲು ನಡೆಯುವ ಕ್ರಿಯೆಗೆ ಶಿಥಿಲೀಕರಣವೆಂದು ಹೆಸರು. ಬಿಸಿಲು ಮತ್ತು ತಂಪಿನ ಏರಿಳಿತ ಬಂಡೆಯನ್ನು ಬಿರಿಯಿಸುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಆಮ್ಲೀಯವಾದ ಮಳೆನೀರು ಬಿರುಕುಗಳೊಳಗೆ ಇಳಿದು ಖನಿಜಗಳನ್ನು ಒಂದೊಂದಾಗಿ ಕೆಡಿಸುತ್ತದೆ. ಗ್ರಾನೈಟಿನ ಮುಖ್ಯ ಖನಿಜಗಳ ಪೈಕಿ ಫೆಲ್ಡ್‌ಸ್ಪಾರ್ ಕ್ರಮೇಣ ಜೇಡಿಯಾಗಿ ಮಾರ್ಪಡುತ್ತದೆ. ಅದರಲ್ಲಿದ್ದ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳು ನೀರಿನಲ್ಲಿ ಕರಗಿ ಹೊಳೆ ಸೇರುತ್ತವೆ. ಬೆಣಚು ಮಾತ್ರ ಸುಲಭವಾಗಿ ಕೆಡದೆ ಹರಳಾಗಿಯೇ ಉದುರಿ ಮರಳಾಗುತ್ತದೆ. ಹೀಗೆ ಒಂದೇ ಗ್ರಾನೈಟಿನಿಂದ ಮರಳು, ಜೇಡಿ ಮತ್ತು ಕರಗಿದ ಲವಣಗಳೆಂಬ ಮೂರು ಬಗೆಯ ಕಚ್ಚಾವಸ್ತು ದೊರೆಯುತ್ತದೆ. ಮುಂದೆ ಕಲಾದಗಿ ತಗ್ಗಿನಲ್ಲಿ ಕುಳಿತ ಮರಳುಗಲ್ಲು, ಜೇಡಿಗಲ್ಲು ಮತ್ತು ಸುಣ್ಣದ ಕಲ್ಲುಗಳು ಹುಟ್ಟಿದ್ದು ಇವುಗಳಿಂದಲೇ.

ಕಡಲು ಏರಿದ ಕಾಲ

ನೂರು ಕೋಟಿ ವರ್ಷಗಳಿಗೂ ಹಿಂದೆ, ಭೂವಿಜ್ಞಾನಿಗಳು ಪ್ರೊಟೆರೊಜೊಯಿಕ್ ಎಂದು ಕರೆಯುವ ಯುಗದಲ್ಲಿ, ಈ ಸವೆದ ನೆಲ ಕುಸಿಯತೊಡಗಿ ಅದರ ಮೇಲೆ ಆಳವಿಲ್ಲದ ಕಡಲು ಹರಡಿತು. ಆ ಕಾಲದಲ್ಲಿ ಕುಳಿತ ಪದರಗಳಿಗೆ ಈಗ ಬಾಗಲಕೋಟೆ ಗುಂಪು ಎಂಬ ಹೆಸರಿದೆ. ಇದರ ತಳದಲ್ಲಿ ಅಲ್ಲಲ್ಲಿ ಪೆಂಟೆಶಿಲೆ, ಅಂದರೆ ಉರುಟಾದ ಕಲ್ಲುಗಳು ಮರಳಿನೊಡನೆ ಬೆಸೆದುಕೊಂಡು ಉಂಟಾದ ಕಾಂಗ್ಲಾಮರೇಟ್, ಕಾಣಸಿಗುತ್ತದೆ. ಅದರ ಮೇಲೆ ಸವದತ್ತಿಯ ಹೆಸರಿನಿಂದ ಪ್ರಸಿದ್ಧವಾದ ಗಟ್ಟಿ ಬೆಣಚುಶಿಲೆಯೂ, ಇನ್ನೂ ಮೇಲೆ ಜೇಡಿಗಲ್ಲು, ಸುಣ್ಣದ ಕಲ್ಲು, ಡಾಲಮೈಟುಗಳೂ ಒಂದರ ಮೇಲೊಂದು ಬಂದಿವೆ.

ಈ ಅನುಕ್ರಮಕ್ಕೆ ಕಾರಣ ನೀರಿನ ವೇಗ. ರಾಶಿ ಮಾಡುವಾಗ ಗಾಳಿಗೆ ತೂರಿದ ಜೋಳದಲ್ಲಿ ಕಾಳು ಕಾಲ ಬುಡದಲ್ಲೇ ಬಿದ್ದು ಹೊಟ್ಟು ದೂರಕ್ಕೆ ಹಾರುವಂತೆ, ಹರಿವ ನೀರು ತನ್ನ ವೇಗ ಕುಗ್ಗಿದಂತೆಲ್ಲ ಮೊದಲು ಉರುಟುಗಲ್ಲನ್ನೂ ಆಮೇಲೆ ಮರಳನ್ನೂ ಕೊನೆಗೆ ನಯವಾದ ಜೇಡಿಯನ್ನೂ ಕೆಳಗಿಳಿಸುತ್ತದೆ. ಆದುದರಿಂದ ದಂಡೆಯಲ್ಲಿ ಕಲ್ಲು ಮತ್ತು ಮರಳು, ಒಳಗೆ ಜೇಡಿ, ಮಣ್ಣು ತಲುಪದಷ್ಟು ದೂರದ ತಿಳಿನೀರಿನಲ್ಲಿ ಸುಣ್ಣ, ಹೀಗೆ ಒಂದೇ ಕಾಲದಲ್ಲಿ ಬೇರೆ ಬೇರೆ ತಾಣಗಳಲ್ಲಿ ಬೇರೆ ಬೇರೆ ಹೂಳು ಕುಳಿತುಕೊಳ್ಳುತ್ತದೆ. ಕಡಲು ಏರಿ ದಂಡೆ ಹಿಂದಕ್ಕೆ ಸರಿದಾಗ ಹಳೆಯ ದಂಡೆಯ ಮರಳಿನ ಮೇಲೆ ಜೇಡಿಯೂ ಅದರ ಮೇಲೆ ಸುಣ್ಣವೂ ಬಂದು ಕೂರುವುದರಿಂದ, ಅಕ್ಕಪಕ್ಕದಲ್ಲಿದ್ದ ತಾಣಗಳು ಕಾಲಕ್ರಮದಲ್ಲಿ ಒಂದರ ಮೇಲೊಂದಾಗಿ ಜೋಡಣೆಗೊಳ್ಳುತ್ತವೆ.

ಬಾಗಲಕೋಟೆ ಗುಂಪಿನ ಸುಣ್ಣದ ಕಲ್ಲಿನಲ್ಲಿ ಚಿಪ್ಪು ಇಲ್ಲ, ಶಂಖ ಇಲ್ಲ. ಏಕೆಂದರೆ ಗಟ್ಟಿ ಚಿಪ್ಪು ಕಟ್ಟುವ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳಿಂದ ಈಚೆಗೆ. ಇಲ್ಲಿ ಸುಣ್ಣ ಕೂಡಿಬಂದದ್ದು ಬಹುಮಟ್ಟಿಗೆ ರಾಸಾಯನಿಕ ಕ್ರಿಯೆಯಿಂದ ಮತ್ತು ಸೂಕ್ಷ್ಮಜೀವಿಗಳ ನೆರವಿನಿಂದ. ಬಿಸಿಲು ತಲುಪುವ ತೆಳುನೀರಿನ ತಳದಲ್ಲಿ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಅಂಟಂಟಾದ ಪೊರೆಯಾಗಿ ಹರಡಿ, ತೇಲಿಬಂದ ಸುಣ್ಣದ ಕಣಗಳನ್ನು ಹಿಡಿದಿಟ್ಟು, ಅದರಡಿ ಹೂತುಹೋದಾಗ ಮತ್ತೆ ಮೇಲಕ್ಕೆ ಬೆಳೆದು ಹೊಸ ಪೊರೆ ಕಟ್ಟುತ್ತಿದ್ದವು. ಹೀಗೆ ಗುಮ್ಮಟಗಳಾಗಿಯೂ ಕಂಬಗಳಾಗಿಯೂ ಬೆಳೆದ ರಚನೆಗಳಿಗೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಲೋಕಾಪುರದ ಸುತ್ತಲಿನ ಡಾಲಮೈಟುಗಳಲ್ಲಿ ದೊರೆಯುವ ಸ್ಟ್ರೊಮ್ಯಾಟೊಲೈಟುಗಳು ಆ ಕಡಲಿನಲ್ಲಿ ಜೀವವಿತ್ತೆಂಬುದಕ್ಕೂ, ನೀರು ಬೆಳಕು ಹಾಯುವಷ್ಟು ತೆಳುವಾಗಿತ್ತೆಂಬುದಕ್ಕೂ ಪ್ರಮಾಣ. ಬಾಗಲಕೋಟೆ ಸೀಮೆಯ ಸಿಮೆಂಟ್ ಕಾರ್ಖಾನೆಗಳು ಇಂದು ಸುಡುತ್ತಿರುವುದು ಆ ಕಡಲಿನ ಸುಣ್ಣವನ್ನೇ.

ಕಡಲು ತೆಳುವಾಗಿಯೇ ಉಳಿದಿದ್ದರೂ ಹೂಳಿನ ಒಟ್ಟು ದಪ್ಪ ಸಾವಿರಾರು ಮೀಟರುಗಳನ್ನು ಮುಟ್ಟಿತು. ತಳ ಕುಸಿಯುವ ವೇಗವೂ ಹೂಳು ತುಂಬುವ ವೇಗವೂ ಹೆಚ್ಚುಕಡಿಮೆ ಸರಿಹೊಂದಿದ್ದರೆ ಮಾತ್ರ ಇದು ಸಾಧ್ಯ. ಆಳವಿಲ್ಲದ ನೀರಿನ ಗುರುತುಗಳು ದಪ್ಪನೆಯ ಪದರರಾಶಿಯ ಹಲವು ಮಟ್ಟಗಳಲ್ಲಿ ಕಾಣುವುದಕ್ಕೆ ಬೇರೆ ವಿವರಣೆಯಿಲ್ಲ.

ಹೂಳು ಕಲ್ಲಾದ ಬಗೆ

ಹೊಸದಾಗಿ ಬಿದ್ದ ಮರಳಿನ ಗಾತ್ರದಲ್ಲಿ ಶೇಕಡಾ 40ರಷ್ಟು ಬರಿಯ ಸಂದು. ಹಸಿ ಕೆಸರಿನಲ್ಲಿ ನೀರಿನ ಪಾಲು ಇದಕ್ಕೂ ಹೆಚ್ಚು. ಮೇಲೆ ಹೂಳು ಪೇರಿದಂತೆ ಅದರ ಭಾರಕ್ಕೆ ಕಣಗಳು ಒತ್ತಿಕೊಂಡು ನೀರು ಹೊರಬೀಳುತ್ತದೆ. ಜೇಡಿಯ ಚಪ್ಪಟೆ ಕಣಗಳು ಒಂದೇ ದಿಕ್ಕಿಗೆ ಮಲಗುವುದರಿಂದ ಅದು ಹಾಳೆ ಹಾಳೆಯಾಗಿ ಸೀಳುವ ಜೇಡಿಗಲ್ಲಾಗುತ್ತದೆ. ಮರಳಿಗೆ ಒತ್ತಡವೊಂದೇ ಸಾಲದು. ಉಳಿದ ಸಂದುಗಳಲ್ಲಿ ಹರಿದಾಡುವ ಅಂತರ್ಜಲವು ತನ್ನಲ್ಲಿ ಕರಗಿದ್ದ ಸಿಲಿಕಾ, ಸುಣ್ಣ ಅಥವಾ ಕಬ್ಬಿಣದ ಆಕ್ಸೈಡನ್ನು ಕಣಗಳ ಸುತ್ತ ಉಳಿಸಿಹೋಗುತ್ತದೆ. ಆ ಬೆಸುಗೆಯಿಂದಲೇ ಮರಳು ಕಲ್ಲಾಗುತ್ತದೆ. ಬೆಸುಗೆ ಸಿಲಿಕಾದ್ದಾಗಿ, ಸಂದುಗಳೆಲ್ಲ ಪೂರ್ತಿ ತುಂಬಿಕೊಂಡರೆ ಸುತ್ತಿಗೆ ಪೆಟ್ಟಿಗೆ ಬಿರುಕು ಕಣಗಳ ಸುತ್ತ ಹೋಗದೆ ಕಣಗಳನ್ನೇ ಸೀಳಿಕೊಂಡು ಹೋಗುವಷ್ಟು ಗಟ್ಟಿತನ ಬರುತ್ತದೆ. ಸವದತ್ತಿಯ ಬೆಣಚುಶಿಲೆ ಅಂಥದ್ದು. ಎಲ್ಲಮ್ಮನ ಗುಡ್ಡದ ಸುತ್ತಲಿನ ದಿಣ್ಣೆಗಳು ಇಷ್ಟು ಕಾಲ ಸವೆಯದೆ ನಿಂತದ್ದಕ್ಕೂ, ನವಿಲುತೀರ್ಥದಲ್ಲಿ ಮಲಪ್ರಭೆ ಕಿರಿದಾದ ಕಂದರವನ್ನು ಕೊರೆದುಕೊಂಡು ಹರಿಯಬೇಕಾಗಿ ಬಂದು ಮುಂದೆ ಅದೇ ಇಕ್ಕಟ್ಟು ಅಣೆಕಟ್ಟಿಗೆ ಒದಗಿದ್ದಕ್ಕೂ ಈ ಗಟ್ಟಿತನವೇ ಕಾರಣ.

ಮಡಿಕೆ ಮತ್ತು ಎರಡನೆಯ ಸಂಧಿ

ಬಾಗಲಕೋಟೆ ಗುಂಪಿನ ಪದರಗಳು ಕಲ್ಲಾದ ಮೇಲೆ ಭೂಚಿಪ್ಪಿನ ಅಕ್ಕಪಕ್ಕದ ಒತ್ತಡಕ್ಕೆ ಸಿಕ್ಕಿ ಮಡಿಕೆ ಬಿದ್ದವು. ಮಟ್ಟಸವಾಗಿ ಕುಳಿತಿದ್ದ ಹಾಸುಗಳು ಸರಿಸುಮಾರು ಪೂರ್ವ–ಪಶ್ಚಿಮವಾಗಿ ಚಾಚಿದ ದಿಣ್ಣೆ ಮತ್ತು ತಗ್ಗುಗಳಾಗಿ ಬಾಗಿ, ಕೆಲವೆಡೆ ಕಡಿದಾಗಿ ಓರೆಯಾದವು. ಕಡಲು ಹಿಂದೆಗೆಯಿತು, ಮೇಲೆದ್ದ ನೆಲವನ್ನು ಮಳೆ ಮತ್ತು ಹೊಳೆಗಳು ಮತ್ತೊಮ್ಮೆ ಸವೆಸಿ ಮಡಿಕೆಗಳ ನೆತ್ತಿಯನ್ನು ಹಾರಿಸಿದವು. ಅನಂತರ ಎಂದೋ ಈ ಬೋಳು ನೆಲದ ಮೇಲೆ ಹೊಸ ಮರಳು ಬಂದು ಮಟ್ಟಸವಾಗಿ ಹಾಸಿಕೊಂಡಿತು. ರಾಮದುರ್ಗದ ಬಳಿ ಕೆಳಗಿನ ಓರೆ ಪದರಗಳನ್ನು ಮೇಲಿನ ಮಟ್ಟಸ ಪದರಗಳು ತುಂಡರಿಸಿದಂತೆ ಮುಚ್ಚಿರುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಇಂಥ ಸಂಧಿಯನ್ನು ಅನ್‌ಕನ್‌ಫರ್ಮಿಟಿ, ಅಂದರೆ ಪದರಗಳ ಅಸಂಗತಿ, ಎನ್ನುತ್ತಾರೆ. ಮೇಲಿನ ಮತ್ತು ಕೆಳಗಿನ ಪದರಗಳ ವಾಟ ಬೇರೆ ಬೇರೆಯಾಗಿರುವುದರಿಂದ ಇದು ಕೋನೀಯ ಅಸಂಗತಿ.

ಈ ಒಂದು ಗೆರೆಯ ಅರ್ಥವನ್ನು ತಿಳಿಯಲು ಯುರೋಪಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಚಿಂತನೆ ಬೇಕಾಯಿತು. ಡೆನ್ಮಾರ್ಕಿನಲ್ಲಿ ಹುಟ್ಟಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ನಿಕೊಲಾಸ್ ಸ್ಟೆನೊ 1669ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ಸೂತ್ರಗಳನ್ನು ಮುಂದಿಟ್ಟನು: ಕದಡದ ಪದರರಾಶಿಯಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು, ಪದರಗಳು ಹುಟ್ಟುವಾಗ ಮಟ್ಟಸವಾಗಿರುತ್ತವೆ, ಓರೆಯಾಗಿ ಕಂಡರೆ ಅವು ಆಮೇಲೆ ಅಲುಗಿದವೆಂದು ತಿಳಿಯಬೇಕು. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ 1788ರಲ್ಲಿ ಜಾನ್ ಪ್ಲೇಫೇರ್ ಮತ್ತು ಜೇಮ್ಸ್ ಹಾಲ್ ಅವರೊಡನೆ ಸಿಕ್ಕರ್ ಪಾಯಿಂಟ್ ಎಂಬ ಕಡಲಂಚಿನ ಬಂಡೆಗೆ ಹೋಗಿ, ನೆಟ್ಟಗೆ ನಿಂತ ಹಳೆಯ ಪದರಗಳ ಮೇಲೆ ಕೊಂಚವೇ ವಾಲಿದ ಕೆಂಪು ಮರಳುಗಲ್ಲು ಕುಳಿತಿರುವುದನ್ನು ತೋರಿಸಿದಾಗ, ಆ ಸೂತ್ರಗಳು ಎಲ್ಲಿಗೆ ಒಯ್ಯುತ್ತವೆಂಬುದು ಸ್ಪಷ್ಟವಾಯಿತು. ಹೂಳು ಕೂರುವುದು, ಕಲ್ಲಾಗುವುದು, ಓರೆಯಾಗಿ ಮೇಲೇಳುವುದು, ಸವೆಯುವುದು, ಮತ್ತೆ ಮುಳುಗಿ ಹೊಸ ಹೂಳನ್ನು ಹೊರುವುದು ಎಂಬ ಇಡೀ ಸರಣಿ ಆ ಒಂದು ಸಂಧಿಯೊಳಗೆ ಮುಗಿದಿರಬೇಕು. ಈಗ ಕಣ್ಣೆದುರು ನಡೆಯುವ ನಿಧಾನಗತಿಯಲ್ಲಿಯೇ ಅದು ಮುಗಿದಿದ್ದರೆ, ಆಗ ಯುರೋಪಿನಲ್ಲಿ ಒಪ್ಪಿತವಾಗಿದ್ದ ಕೆಲವು ಸಾವಿರ ವರ್ಷಗಳ ಭೂಮಿಯ ವಯಸ್ಸು ಯಾವ ಮೂಲೆಗೂ ಸಾಲದು. ರಾಮದುರ್ಗದ ಸಂಧಿಯೂ ಅದೇ ಸರಣಿಯನ್ನು, ಸಿಕ್ಕರ್ ಪಾಯಿಂಟಿಗಿಂತ ಬಹಳ ಹಳೆಯ ಶಿಲೆಗಳಲ್ಲಿ, ದಾಖಲಿಸಿದೆ.

ಬಾದಾಮಿಯ ಮರಳು

ಸಂಧಿಯ ಮೇಲೆ ಬಂದ ಪದರಗಳಿಗೆ ಬಾದಾಮಿ ಗುಂಪು ಎಂದು ಹೆಸರು. ದಪ್ಪ ಸುಮಾರು 300 ಮೀಟರ್. ಇದರ ತಳದಲ್ಲಿಯೂ ಪೆಂಟೆಶಿಲೆಯಿದೆ, ಆದರೆ ಅದರ ಉರುಟುಗಲ್ಲುಗಳಲ್ಲಿ ಹಲವು ಕೆಳಗಿನ ಬಾಗಲಕೋಟೆ ಗುಂಪಿನ ಬೆಣಚುಶಿಲೆಯಿಂದಲೇ ಒಡೆದು ಬಂದವು. ಒಂದು ಕಾಲದ ಮರಳು ಕಲ್ಲಾಗಿ, ಮೇಲೆದ್ದು, ಒಡೆದು, ಹೊಳೆಯಲ್ಲಿ ಉರುಳಿ ದುಂಡಾಗಿ, ಇನ್ನೊಂದು ಕಾಲದ ಹೂಳಾಗಿದೆ. ನಡುವಿನ ಕಾಲಾವಧಿ ಎಷ್ಟು ದೀರ್ಘವೆಂಬುದಕ್ಕೆ ಸಂಧಿಯ ಕೋನದಷ್ಟೇ ಈ ಕಲ್ಲುಗಳೂ ಸಾಕ್ಷಿ.

ಅದರ ಮೇಲಿನ ಕೆಂಪು ಮರಳುಗಲ್ಲಿನಲ್ಲಿಯೇ ಬಾದಾಮಿಯ ಗುಹಾಲಯಗಳು ಕೊರೆಯಲ್ಪಟ್ಟಿರುವುದರಿಂದ ಭೂವಿಜ್ಞಾನದ ಬರಹಗಳಲ್ಲಿ ಅದಕ್ಕೆ ಗುಹಾಲಯದ ಮರಳುಗಲ್ಲೆಂದೇ ಹೆಸರಾಗಿದೆ. ಆ ಮರಳನ್ನು ತಂದ ಹೊಳೆಗಳು ಇಂದಿನವುಗಳಂತಿರಲಿಲ್ಲ. ನೆಲದ ಮೇಲೆ ಗಿಡಮರಗಳು ಇನ್ನೂ ಹುಟ್ಟಿರಲಿಲ್ಲವಾಗಿ ದಂಡೆಯ ಮಣ್ಣನ್ನು ಹಿಡಿದಿಡಲು ಬೇರುಗಳಿರಲಿಲ್ಲ. ನೀರು ಒಂದೇ ಪಾತ್ರದಲ್ಲಿ ನಿಲ್ಲದೆ ಹತ್ತಾರು ಕವಲುಗಳಾಗಿ ಅಗಲವಾಗಿ ಹರಡಿ, ಮರಳಿನ ದಿಬ್ಬಗಳನ್ನು ಕಟ್ಟುತ್ತ ಕೆಡಹುತ್ತ ಸಾಗುತ್ತಿತ್ತು. ದಿಬ್ಬದ ಏರಿನಲ್ಲಿ ಉರುಳಿದ ಮರಳು ತುದಿ ದಾಟಿ ಇಳಿಜಾರಿನಲ್ಲಿ ಜಾರಿ ಓರೆಯಾಗಿ ಕೂರುತ್ತದೆ. ದಿಬ್ಬ ಮುಂದೆ ಸರಿದಂತೆ ಅಂಥ ಓರೆ ಎಳೆಗಳು ಸಾಲುಗಟ್ಟುತ್ತವೆ. ಮಟ್ಟಸವಾದ ಎರಡು ಗೆರೆಗಳ ನಡುವೆ ಓರೆಯಾಗಿ ಸಾಗುವ ಈ ಎಳೆಗಳಿಗೆ ಅಡ್ಡಪದರವೆಂದು ಹೆಸರು. ಎಳೆ ಯಾವ ಕಡೆಗೆ ಇಳಿಯುತ್ತದೆಯೋ ನೀರು ಆ ಕಡೆಗೆ ಹರಿದಿತ್ತೆಂದು ಹೇಳಬಹುದು. ಇವು ಹುಟ್ಟುವಾಗಲೇ ಓರೆಯಾದವು, ಆಮೇಲೆ ಅಲುಗಿದವಲ್ಲ. ಆದುದರಿಂದ ಸ್ಟೆನೊನ ಎರಡನೆಯ ಸೂತ್ರವನ್ನು ಬಳಸುವ ಮುನ್ನ ಅಡ್ಡಪದರವನ್ನು ನಿಜವಾದ ಪದರದಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ. ಬಂಡೆಯ ಹಾಸಿನ ಮೇಲೆ ಅಲ್ಲಲ್ಲಿ ಕಾಣುವ ಏರುತಗ್ಗಿನ ಸಣ್ಣ ಸಾಲುಗಳು ತೆಳುನೀರು ಮರಳನ್ನು ತೀಡಿದ ಅಲೆಗುರುತುಗಳು.

ಕಲ್ಲಿನ ಕೆಂಪಿಗೆ ಕಾರಣ ಕಣಗಳ ಮೇಲೆ ತೆಳ್ಳಗೆ ಲೇಪಗೊಂಡ ಕಬ್ಬಿಣದ ಆಕ್ಸೈಡ್. ಕಬ್ಬಿಣ ಹೀಗೆ ತುಕ್ಕು ಹಿಡಿಯಲು ಗಾಳಿಯಲ್ಲಿ ಆಮ್ಲಜನಕ ಬೇಕು. ಭೂಮಿಯ ವಾತಾವರಣದಲ್ಲಿ ಅದು ಗಣನೀಯವಾಗಿ ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಮರಳಿನ ಮೇಲಕ್ಕೆ ಹೋದಂತೆ ಜೇಡಿಗಲ್ಲು ಮತ್ತು ಸುಣ್ಣದ ಕಲ್ಲು ಕಾಣಿಸಿಕೊಳ್ಳುವುದರಿಂದ ಹೊಳೆಯ ಬಯಲನ್ನು ಕಡಲು ಮತ್ತೊಮ್ಮೆ ಆಕ್ರಮಿಸಿತೆಂದು ತಿಳಿದುಬರುತ್ತದೆ. ಬಾದಾಮಿ ಗುಂಪು ದೊಡ್ಡ ಮಡಿಕೆಗಳಿಗೆ ಸಿಕ್ಕದೆ ಇಂದಿಗೂ ಬಹುತೇಕ ಮಟ್ಟಸವಾಗಿದೆ. ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮ್ಮಿಕ್ಕುವುದೂ ಇಂಥದೇ ಮಟ್ಟಸ ಮರಳುಗಲ್ಲಿನ ಅಂಚಿನಿಂದ.

ಇದಾದ ಮೇಲೆ ಮತ್ತೆ ದಾಖಲೆಯಿಲ್ಲದ ದೀರ್ಘ ಕಾಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲ ಬಿರಿದು ಹರಿದ ದಖನ್ ಲಾವಾ ಕಲಾದಗಿ ಶಿಲೆಗಳ ಉತ್ತರ ಮತ್ತು ಪಶ್ಚಿಮದ ಭಾಗವನ್ನು ಮುಚ್ಚಿತು. ಲಾವಾ ಮತ್ತು ಮರಳುಗಲ್ಲು ಒಂದನ್ನೊಂದು ಮುಟ್ಟುವ ಆ ಮೂರನೆಯ ಸಂಧಿಯಲ್ಲಿ, ಭೂಮಿಯ ಮೇಲೆ ಮೀನು, ಮರ, ಡೈನೊಸಾರ್ ಮೊದಲಾದವು ಕಾಣಿಸಿಕೊಂಡ ಕಾಲವೆಲ್ಲ ಅಡಗಿದೆ. ಅವುಗಳ ಒಂದು ಪದರವೂ ಇಲ್ಲಿ ಇವೆರಡರ ನಡುವೆ ಉಳಿದುಬಂದಿಲ್ಲ.

ಕಲ್ಲನ್ನು ಬಳಸಿದವರು, ಓದಿದವರು

ಮಲಪ್ರಭಾ ಕಣಿವೆಯಲ್ಲಿ ಮನುಷ್ಯ ಮೊದಲು ಆರಿಸಿಕೊಂಡದ್ದು ಗಟ್ಟಿ ಬೆಣಚುಶಿಲೆಯ ಉರುಟುಗಲ್ಲುಗಳನ್ನು; ಹಳೆಯ ಶಿಲಾಯುಗದ ಕೈಗೊಡಲಿಗಳು ಆ ಕಲ್ಲಿನವು. ಚಾಳುಕ್ಯರ ಕಾಲಕ್ಕೆ ಆಯ್ಕೆ ಬದಲಾಯಿತು. ಒಂದನೆಯ ಪುಲಕೇಶಿ ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಬಾದಾಮಿಯ ಬೆಟ್ಟವನ್ನು ಕೋಟೆಯಾಗಿ ಮಾಡಿದನೆಂದು ಅಲ್ಲಿನ ಬಂಡೆಶಾಸನ ಹೇಳುತ್ತದೆ. ಮೂರನೆಯ ಗುಹೆಯಾದ ವಿಷ್ಣುಗೃಹವನ್ನು ಮಂಗಲೇಶನು ಮಾಡಿಸಿದ್ದು ಶಕ 500ರಲ್ಲಿ, ಅಂದರೆ 578ರಲ್ಲಿ. ದಪ್ಪನೆಯ ಹಾಸುಗಳಾಗಿ ಕುಳಿತ ಮರಳುಗಲ್ಲು ಉಳಿಗೆ ಒಗ್ಗುವಷ್ಟು ಮೃದು, ಮಾಡನ್ನು ಹೊರುವಷ್ಟು ಗಟ್ಟಿ. ಪದರಗಳ ಸಂಧಿ ಮತ್ತು ನೆಟ್ಟನೆಯ ಬಿರುಕುಗಳು ಬೆಟ್ಟವನ್ನು ಗೋಡೆಯಾಗಿ ನಿಲ್ಲಿಸಿದ್ದವು. ಅದೇ ಕಲ್ಲನ್ನು ಕಡಿದು ತೆಗೆದು ಐಹೊಳೆ, ಪಟ್ಟದಕಲ್ಲುಗಳಲ್ಲಿ ಗುಡಿಗಳನ್ನು ಕಟ್ಟಿದರು. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿಯ ಶಾಸನ ಕೆತ್ತಲ್ಪಟ್ಟದ್ದು 634ರಲ್ಲಿ. ಬಾದಾಮಿಯ ಗುಹೆಗಳ ಕಂಬ ಮತ್ತು ಗೋಡೆಗಳಲ್ಲಿ ಶಿಲ್ಪದ ಅಲಂಕಾರವನ್ನು ಲೆಕ್ಕಿಸದೆ ಹಾಯ್ದುಹೋಗುವ ಬಣ್ಣದ ಪಟ್ಟೆಗಳು ಮರಳು ಕುಳಿತ ಕಾಲದ ಗೆರೆಗಳೇ.

ಈ ಶಿಲೆಗಳ ಆಧುನಿಕ ಅಧ್ಯಯನ 19ನೆಯ ಶತಮಾನದ್ದು. ಮದರಾಸು ಸೇನೆಯ ಅಧಿಕಾರಿ ನ್ಯೂಬೋಲ್ಡ್ 1840ರ ದಶಕದಲ್ಲಿ ದಕ್ಷಿಣ ಭಾರತದ ಶಿಲೆಗಳ ಸಮಗ್ರ ವಿವರಣೆಯನ್ನು ಬರೆದನು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠ ಸೀಮೆಯನ್ನು ಸುತ್ತಿ, 1876ರ ತನ್ನ ವರದಿಯಲ್ಲಿ ಇಲ್ಲಿನ ಪದರಗಳನ್ನು ವಿಂಗಡಿಸಿ, ಆಗ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿಯ ಹೆಸರಿನಲ್ಲಿ ವಿವರಿಸಿದನು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಎಂ. ಎನ್. ವಿಶ್ವನಾಥಯ್ಯ ಮೊದಲಾದವರು ಕೋನೀಯ ಅಸಂಗತಿಯ ಆಧಾರದ ಮೇಲೆ ಮೇಲಿನ ಮಟ್ಟಸ ಪದರಗಳನ್ನು ಬಾದಾಮಿಯ ಹೆಸರಿನಲ್ಲಿ ಪ್ರತ್ಯೇಕಿಸಿದರು. ಅಲ್ಲಿಯವರೆಗೆ ಒಂದೇ ಅನುಕ್ರಮವೆಂದು ಎಣಿಸಬಹುದಾಗಿದ್ದ ಶಿಲಾರಾಶಿ ಎರಡು ಬೇರೆ ಬೇರೆ ಜಲಾನಯನಗಳ ಕಥೆಯಾಗಿ ಮಾರ್ಪಟ್ಟದ್ದು ಹೊಸ ಕಲ್ಲಿನ ಶೋಧದಿಂದಲ್ಲ, ಸಂಧಿಯೊಂದಕ್ಕೆ ಸಲ್ಲಬೇಕಾದ ಕಾಲವನ್ನು ಸಲ್ಲಿಸಿದ್ದರಿಂದ.

ಆ ಕಾಲವನ್ನು ವರ್ಷಗಳಲ್ಲಿ ಅಳೆಯುವುದು ಇನ್ನೂ ಕಠಿಣವಾದ ಕೆಲಸ. ಚಿಪ್ಪಿನ ಪಳೆಯುಳಿಕೆಗಳಿಲ್ಲದ್ದರಿಂದ ಅವುಗಳ ಮೂಲಕ ವಯಸ್ಸು ಹೇಳಲಾಗದು. ಮರಳಿನಲ್ಲಿ ಬೆರೆತ ಜಿರ್ಕಾನ್ ಎಂಬ ಹರಳಿನೊಳಗಿನ ಯುರೇನಿಯಂ ನಿಗದಿತ ವೇಗದಲ್ಲಿ ಸೀಸವಾಗುತ್ತ ಹೋಗುವುದರಿಂದ ಅದರ ವಯಸ್ಸನ್ನು ಗಣಿಸಬಹುದು. ಆದರೆ ಆ ಹರಳು ಹುಟ್ಟಿದ್ದು ಮರಳುಗಲ್ಲಿನಲ್ಲಲ್ಲ, ಮರಳನ್ನು ಒದಗಿಸಿದ ಹಳೆಯ ಗ್ರಾನೈಟಿನಲ್ಲಿ. ಮರಳುಗಲ್ಲು ತನ್ನಲ್ಲಿರುವ ಅತಿ ಕಿರಿಯ ಹರಳಿಗಿಂತ ಈಚಿನದು ಎಂದಷ್ಟೇ ಅದರಿಂದ ತಿಳಿಯುತ್ತದೆ. ಅದನ್ನು ಸೀಳಿಕೊಂಡು ಮೇಲೆದ್ದ ಅಗ್ನಿಶಿಲೆಯ ಪಟ್ಟಿ ಸಿಕ್ಕಿದಲ್ಲಿ, ಅದಕ್ಕಿಂತ ಹಿಂದಿನದು ಎಂಬ ಇನ್ನೊಂದು ಎಲ್ಲೆ ದೊರೆಯುತ್ತದೆ. ಪದರವು ಕುಳಿತ ಗಳಿಗೆ ಈ ಎರಡು ಎಲ್ಲೆಗಳ ನಡುವೆ ಎಲ್ಲೋ ಇದೆ, ಮತ್ತು ಎಲ್ಲೆಗಳ ಅಂತರ ಹಲವೆಡೆ ಕೋಟಿಗಟ್ಟಲೆ ವರ್ಷಗಳಷ್ಟು ವಿಶಾಲ. ಆದುದರಿಂದ ಕಲಾದಗಿ–ಬಾದಾಮಿ ಶಿಲೆಗಳ ಚರಿತ್ರೆಯಲ್ಲಿ ಘಟನೆಗಳ ಕ್ರಮ ಖಚಿತ, ತೇದಿಗಳು ಸಡಿಲ. ಸ್ಟೆನೊ ಮತ್ತು ಹಟನ್ ಕಲಿಸಿದ ಕ್ರಮದ ವಿಚಾರವೇ ಇಲ್ಲಿ ಈಗಲೂ ಪ್ರಯೋಗಾಲಯದ ಅಂಕಿಗಳಿಗೆ ಅರ್ಥ ಕೊಡುವ ಆಧಾರವಾಗಿ ನಿಂತಿದೆ.